ಅತ್ತಿಗೆ ಮದುವೆ ಆಗ್ತೀನಿ ಅಂತಿದ್ದಾರೆ, ನನಗ್ಯಾಕೆ ಸಿಟ್ಟು?

ನಾಲೆ ಏರಿ ಹುಡುಗ:
ಮದ್ದೂರು ಕಡೆ ನಮ್ಮದು ನೂರು ಮನೆ ಊರು. ಅಣ್ಣ ಬೈಕ್ ಆಕ್ಸಿಡೆಂಟಿನಲ್ಲಿ ಹೋಗಿ ಒಂದೂವರೆ ವರ್ಷ. ಅತ್ತಿಗೆಗೆ 29, ಮಗಳು ಒಂದನೇ ಕ್ಲಾಸು. ಶ್ರೀರಂಗಪಟ್ಟಣದ ಸಂಗಮದಲ್ಲಿ ಅಸ್ಥಿ ಬಿಡುವಾಗ ನನಗಿಂತ ಜಾಸ್ತಿ ಅತ್ತವನು ಅಣ್ಣನ ಫ್ರೆಂಡು. ಆಮೇಲೆ ರಾತ್ರಿ ಸರದಿ ಬಂದಾಗ ನಮ್ಮ ಕಬ್ಬಿಗೆ ನೀರು ಕಟ್ಟಿದ್ದು, ಕಟಾವಿಗೆ ಆಳು ಕರೆದುಕೊಂಡು ಬಂದಿದ್ದು, ಜಮೀನು ವಾರಸುದಾರರ ಹೆಸರಿಗೆ ಮಾಡಿಸೋ ಪೌತಿ ಖಾತೆಗೆ ಅಂತ ಅತ್ತಿಗೆ ಜೊತೆ ನಾಡಕಚೇರಿಗೆ ಅಲೆದಿದ್ದು ಎಲ್ಲಾ ಅವನೇ, ನಾನು ಮೈಸೂರಿನ ರೂಮಲ್ಲಿ ಕೂತು ಫೋನಿನಲ್ಲಿ 'ಆಯ್ತಾ, ಆಯ್ತಾ' ಅಂತಿದ್ದೆ. ಹೋದ ತಿಂಗಳು ಅತ್ತಿಗೆ ನೇರವಾಗಿ ಹೇಳಿದರು, ಅವನನ್ನು ಮದುವೆ ಆಗ್ತೀನಿ ಅಂತ.

ಊರಲ್ಲಿ ಎರಡು ಮಾತು. ಅಣ್ಣ ಇದ್ದಾಗಲೇ ಇತ್ತು ಅನ್ನೋದು ಒಂದು. ಸುಳ್ಳು. ಇನ್ನೊಂದು, ಮೈದುನ ಇದ್ದಾನಲ್ಲ, ಅವನಿಗೇ ಕಟ್ಟಿ, ಜಮೀನು ಮನೆಯಲ್ಲೇ ಉಳಿಯುತ್ತೆ ಅನ್ನೋದು. ಇದನ್ನು ಶುರು ಮಾಡಿದ್ದು ನಮ್ಮ ಸೋದರಮಾವ. ನಾನು ಪ್ರೀತಿಸುತ್ತಿರುವ ಹುಡುಗಿ ಅತ್ತಿಗೆಯ ಚಿಕ್ಕಪ್ಪನ ಮಗಳು, ಇದು ಅತ್ತಿಗೆಗೆ ಮಾತ್ರ ಗೊತ್ತು. ಹುಡುಗಿ ಮನೆಯಲ್ಲಿ ಈಗಲೇ 'ಆ ಮನೆ ಸಹವಾಸ ಸಾಕು' ಅಂತಿದ್ದಾರಂತೆ.

ಅತ್ತಿಗೆ ಮಾಡ್ತಿರೋದು ಸರಿ, ನನಗೂ ಗೊತ್ತು. ಆದರೆ ಅವನು ನಮ್ಮ ಜಗುಲಿ ಮೇಲೆ ಕೂತು ಅಣ್ಣನ ಲೋಟದಲ್ಲಿ ಕಾಫಿ ಕುಡಿಯೋದು ನೋಡಿದರೆ ಮೈ ಉರಿಯುತ್ತೆ. ಏನು ಮಾಡಲಿ?

ಕರಿ ಕೋಟು:
ಮೊದಲು ಮಾವನ ಬಾಯಿ ಮುಚ್ಚಿಸಿ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಅಣ್ಣನ ಹೆಂಡತಿ ಅಂದರೆ ನಿಷೇಧಿತ ಸಂಬಂಧ. ನಿಮ್ಮವರಲ್ಲಿ ಹಿಂದಿನಿಂದ ಆ ರೂಢಿ ಇದ್ದರೆ ಮಾತ್ರ ನಡೆಯುತ್ತೆ. ಜಮೀನಿನ ವಿಷಯ: ವಿಲ್ ಬರೆಯದೆ ಹೋಗಿದ್ದರೆ 1956ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಣ್ಣನ ಪಾಲು ಅತ್ತಿಗೆ, ಮಗಳು, ನಿಮ್ಮ ತಾಯಿ ಮೂವರಿಗೂ ಸಮ. ನಿಮಗೆ ಇಲ್ಲ. ಅತ್ತಿಗೆ ಇನ್ನೊಂದು ಮದುವೆ ಆದರೂ ಅವರದು ಹೋಗಲ್ಲ. ಇದು ಗೊತ್ತಾದ ಮೇಲೆ ಮಾವನಿಗೆ ಎಷ್ಟು ಉತ್ಸಾಹ ಉಳಿಯುತ್ತೋ ನೋಡೋಣ. ವಿಧವಾ ವೇತನ ಬರ್ತಿದ್ದರೆ ಅದೊಂದು ಮಾತ್ರ ನಿಲ್ಲುತ್ತೆ.

ಪಾಂಡವಪುರದ ಅಕ್ಕ:
ತಮ್ಮಾ, ನಾನೂ ಎರಡನೇ ಸಲ ಆದವಳು. ನಮ್ಮಜ್ಜಿ ಕಾಲದಲ್ಲಿ ಕೂಡಾವಳಿ ಅಂತ ಮಾಡುತ್ತಿದ್ದರಂತೆ. ರಾತ್ರಿ ಹೊತ್ತು, ಓಲಗ ಇಲ್ಲ, ಒಂದು ಸೀರೆ ಕೊಟ್ಟು ಕರೆದುಕೊಂಡು ಹೋಗೋದು, ಮುತ್ತೈದೆಯರು ಆ ಕಡೆ ತಲೆನೂ ಹಾಕುತ್ತಿರಲಿಲ್ಲ. ನನ್ನದು ರಿಜಿಸ್ಟರ್ ಆಫೀಸಿನಲ್ಲಿ ಹಗಲೇ ಆಯಿತು, ಆದರೂ ಹೆಚ್ಚುಕಮ್ಮಿ ಹಾಗೇ, ನಮ್ಮ ಕಡೆಯಿಂದ ಒಬ್ಬರೂ ಬರಲಿಲ್ಲ. ಮೊದಲ ಯಜಮಾನರ ತಮ್ಮ ಮಾತ್ರ ಗೇಟಿನ ಹತ್ತಿರ ಬೈಕ್ ಮೇಲೆ ಕೂತಿದ್ದ. ಒಳಗೆ ಬರಲಿಲ್ಲ, ಎದ್ದು ಹೋಗಲೂ ಇಲ್ಲ. ನನಗೆ ಅಷ್ಟೇ ಸಾಕಾಯಿತು. ಒಂದು ಮಾತು, ಆ ಮಗುಗೆ 'ಅಪ್ಪ ಅನ್ನು' ಅಂತ ಯಾರೂ ಹೇಳಿಕೊಡಬೇಡಿ.

ಬನ್ನೂರು ಕುರಿ:
ಗುರು, ಸಿಟ್ಟು ಅವನ ಮೇಲಾ, ಒಂದೂವರೆ ವರ್ಷ ಮೈಸೂರಲ್ಲಿದ್ದ ನಿನ್ನ ಮೇಲಾ? ಸುಮ್ನೆ ಕೇಳಿದೆ. ಅಷ್ಟು ಉರಿಯೋದಾದರೆ ಆ ಲೋಟ ತಗೊಂಡು ನಿನ್ನ ರೂಮಲ್ಲಿ ಇಟ್ಕೋ.

ನಾಲೆ ಏರಿ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಕುರಿ ಅಣ್ಣ, ನಿಮ್ಮ ಪ್ರಶ್ನೆಗೆ ರಾತ್ರಿ ನಿದ್ದೆ ಬರಲಿಲ್ಲ. ಲೋಟ ತೆಗೆದಿಡೋಣ ಅಂತ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದೆ. ಅವನಿಗೆ ಅದರಲ್ಲಿ ಕೊಡೋದು ಅತ್ತಿಗೆ ಅಲ್ಲವಂತೆ, ಅಮ್ಮನೇ. 'ಬೇರೆ ಲೋಟದಲ್ಲಿ ಕೊಟ್ಟರೆ ಬಂದೋರಿಗೆ ಕೊಟ್ಟಂಗೆ ಆಗುತ್ತಲ್ಲಪ್ಪ' ಅಂದರು.