ಸಹಾಯ ಬೇಕು: ಅನಾಮಧೇಯ ಇಮೇಲಾ, ಇರುವ ಇಮೇಲ್‌ಗೇ ಎನ್‌ಕ್ರಿಪ್ಶನ್ನಾ?

ಎಲ್ಲರಿಗೂ ನಮಸ್ಕಾರ. ಗೆಳತಿಯೊಬ್ಬಳಿಗಾಗಿ ಕೇಳುತ್ತಿದ್ದೇನೆ. ಅವಳು ಕೆಲವು ದಾಖಲೆಗಳನ್ನು ಪತ್ರಕರ್ತರೊಬ್ಬರಿಗೆ ಕಳಿಸಬೇಕು. ಹೆಸರು ಹೊರಗೆ ಬಂದರೆ ಕೆಲಸ ಹೋಗುತ್ತದೆ.

ಇರುವ ಇಮೇಲ್‌ಗೇ ಪಿಜಿಪಿ (ಮೇಲ್‌ನ ಬರಹವನ್ನು ಬೇರೆಯವರು ಓದಲಾಗದಂತೆ ಮಾಡುವ ಎನ್‌ಕ್ರಿಪ್ಶನ್ ವಿಧಾನ) ಹಾಕಿಕೊಂಡರೆ ಸಾಕು ಅಂದುಕೊಂಡಿದ್ದೆ. ಥಂಡರ್‌ಬರ್ಡ್ ಅನ್ನುವ ಇಮೇಲ್ ತಂತ್ರಾಂಶದಲ್ಲಿ ಅದಕ್ಕೆ ಬೇಕಾದ ಕೀ ಮಾಡಿಕೊಂಡು ನನಗೆ ನಾನೇ ಒಂದು ಮೇಲ್ ಕಳಿಸಿದೆ. ಆಮೇಲೆ ಅದನ್ನೇ ಬ್ರೌಸರ್‌ನಲ್ಲಿ ತೆರೆದು ನೋಡಿದೆ. ಒಳಗಿನ ಬರಹ ಪೂರ್ತಿ ಅರ್ಥವಾಗದ ಅಕ್ಷರಗಳ ರಾಶಿ. ಆದರೆ ಯಾರಿಂದ, ಯಾರಿಗೆ, ಎಷ್ಟು ಹೊತ್ತಿಗೆ ಅನ್ನುವುದೆಲ್ಲ ಹಾಗೇ ಕಾಣುತ್ತಿತ್ತು! ಅವಳಿಗೆ ಭಯ ಇರುವುದೇ ಅದರದ್ದು.

ಹಾಗಂತ ಹೆಸರು ಕೇಳದ ಸೇವೆಯನ್ನೂ ಸುಮ್ನೆ ನಂಬಲು ಮನಸ್ಸು ಒಪ್ಪುತ್ತಿಲ್ಲ. 2021ರಲ್ಲಿ ಸ್ವಿಸ್ ಕಾನೂನಿನ ಆದೇಶ ಬಂದಾಗ ಗೌಪ್ಯತೆಗೆ ಹೆಸರಾದ ಇಮೇಲ್ ಸೇವೆ ಪ್ರೋಟಾನ್ ಮೇಲ್ ಕೂಡ ಒಬ್ಬ ಬಳಕೆದಾರರ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಕೊಡಬೇಕಾಯಿತು. ಮೊದಲಿಂದಲೂ ಟಾರ್ (ಸಂಪರ್ಕವನ್ನು ಹಲವು ಕಂಪ್ಯೂಟರ್‌ಗಳ ಮೂಲಕ ಸುತ್ತಿಸಿ ಮೂಲ ಮರೆಮಾಡುವ ಜಾಲ) ಮೂಲಕವೇ ಹೋದರೆ ನಿಜವಾದ ಐಪಿ ಅವರಿಗೇ ಗೊತ್ತಾಗುವುದಿಲ್ಲ, ಅಲ್ವಾ?

ನನಗನ್ನಿಸುವುದು, ಎರಡೂ ಒಟ್ಟಿಗೆ ಬೇಕು. ಟಾರ್‌ನಲ್ಲಿ ತೆರೆದ ಹೊಸ ಖಾತೆ, ಅದರ ಮೇಲೆ ಪತ್ರಕರ್ತರ ಪಬ್ಲಿಕ್ ಕೀ (ಅವರು ಮಾತ್ರ ಬಿಡಿಸಿ ಓದುವಂತೆ ಬರಹ ಮುಚ್ಚಲು ಅವರು ಎಲ್ಲರಿಗೂ ಕೊಡುವ ಕೀ) ಬಳಸಿ ಪಿಜಿಪಿ. ಇದರಲ್ಲಿ ಎಲ್ಲಿ ಎಡವಬಹುದು? ಖಾತೆ ತೆರೆಯುವಾಗ ಫೋನ್ ನಂಬರ್ ಕೇಳಿದರೆ ಏನು ಮಾಡುವುದು? ವರ್ಡ್ ಫೈಲ್, ಫೋಟೋಗಳ ಒಳಗೆ ಅವಳ ಹೆಸರು ಉಳಿದಿದ್ದರೆ ತೆಗೆಯುವುದು ಹೇಗೆ? ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ. ಅಲ್ಲಿವರೆಗೆ ಏನೂ ಕಳಿಸಬೇಡ ಅಂತ ಅವಳಿಗೆ ಹೇಳಿದ್ದೇನೆ.