ಲಂಟಾನ ಕುರ್ಚಿಯಿಂದ ಪುಡಿ ಉದುರುತ್ತಿದೆ: ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಮಲೆ ಮಹದೇಶ್ವರ ಬೆಟ್ಟದ ಆದಿವಾಸಿ ಸೋಲಿಗರು ಕಾಡಿನಲ್ಲಿ ಹಬ್ಬಿರುವ ಲಂಟಾನ ಕಳೆಯ ಕಡ್ಡಿಯಿಂದ ಮಾಡುವ ಸಾಮಾನು ಕೊಳ್ಳುವವರು, ಮಾರುವವರು ಇವತ್ತು ಕೇಳಬಹುದು. ಉತ್ತರಿಸುವವರು ಕಡ್ಡಿ ಕೆಲಸ ಕಲಿಸುವ ಮಾಸ್ತರು. ಫಾರ್ವರ್ಡ್ ಹಾಕಬೇಡಿ.

ಅಂಗಡಿ ಅಕ್ಕ, ಮೈಸೂರು: ನಮಸ್ತೆ ಮಾಸ್ತರೇ. ಒಂದು ಸಂಘದಿಂದ 12 ಕುರ್ಚಿ ತರಿಸಿದ್ದೆವು. ಮೂರೇ ತಿಂಗಳಿಗೆ ಕಾಲಿನ ಬುಡದಲ್ಲಿ ಗೋಧಿಹಿಟ್ಟಿನಂಥ ಪುಡಿ, ಸೂಜಿ ಚುಚ್ಚಿದಂಥ ತೂತು. ಕೀಲೂ ಅಲ್ಲಾಡುತ್ತಿದೆ. ಲಂಟಾನಕ್ಕೆ ಗೆದ್ದಲು ಹಿಡಿಯಲ್ಲ ಅಂದಿದ್ದರು. ವಾಪಸ್ ಕಳಿಸಲಾ?

ಮಾಸ್ತರು: ಇದು ಗೆದ್ದಲಲ್ಲ ಅಕ್ಕ. ಗೆದ್ದಲಾಗಿದ್ದರೆ ಮಣ್ಣಿನ ಗೆರೆ ಕಾಣುತ್ತಿತ್ತು. ಹಿಟ್ಟಿನಂಥ ಪುಡಿ ಅಂದರೆ ಕೊರಕ ಹುಳ. ಗೆದ್ದಲು ಅಷ್ಟಾಗಿ ಬರುವುದಿಲ್ಲ ಅನ್ನುವುದು ನಿಜ. ಯಾವ ಹುಳವೂ ಬರಲ್ಲ ಅನ್ನುವುದು ಮಾರುವವರು ಸೇರಿಸಿಕೊಂಡ ಮಾತು.

ಕುರ್ಚಿ ತಲೆಕೆಳಗು ಮಾಡಿ ಗಂಟುಗಳನ್ನು ನೋಡಿ. ಪಕ್ಕದ ಕೊಂಬೆ ಒಡೆದ ಜಾಗದಲ್ಲಿ ಕಂದು ಸಿಪ್ಪೆಯ ಉಂಗುರ ಉಳಿದಿದೆಯಾ? ಇದ್ದರೆ ಹುಳ ಹೊಕ್ಕಿದ್ದು ಅಲ್ಲೇ ಇರಬೇಕು. ಕಡ್ಡಿಯನ್ನು ಉದ್ದ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ ಎರಡು ಮೂರು ಗಂಟೆ ಕುದಿಸಬೇಕು. ನಿಲ್ಲಿಸಿದ ಡ್ರಮ್ಮಿನಲ್ಲಿ ಅರ್ಧ ಕಡ್ಡಿ ನೀರಿನಿಂದ ಹೊರಗೇ ಇರುತ್ತೆ, ಆ ಅರ್ಧ ಬೇಯುವುದಿಲ್ಲ. ಬಿಸಿ ಇರುವಾಗಲೇ ಸಿಪ್ಪೆ ಸುಲಿಯಬೇಕು. ತಣ್ಣಗಾದರೆ ಅದು ಗಂಟಿನಲ್ಲಿ ಕಚ್ಚಿಕೊಳ್ಳುತ್ತೆ, ಚಾಕುವಿನಿಂದ ಕೆರೆಯಬೇಕಾಗುತ್ತೆ. ಆತುರದ ಆರ್ಡರಿನಲ್ಲಿ ಮೊದಲು ಬಿಟ್ಟುಹೋಗುವುದು ಈ ಕೆರೆತವೇ.

ಕೀಲು ಅಲ್ಲಾಡುವುದು ಬೇರೆ ರೋಗ. ಹಸಿ ಕಡ್ಡಿಗೆ ಮೊಳೆ ಹೊಡೆದಿದ್ದಾರೆ. ಕಡ್ಡಿ ಒಣಗಿ ಸಣ್ಣಗಾಯಿತು, ಮೊಳೆ ಸಡಿಲವಾಯಿತು. ಬಗ್ಗಿಸುವುದು ಕಡ್ಡಿ ಬಿಸಿಯಾಗಿ ಹಸಿಯಾಗಿ ಇರುವಾಗ, ಮೊಳೆ ಹೊಡೆಯುವುದು ಒಣಗಿದ ಮೇಲೆ. ಒಣಗಿದ್ದು ಗೊತ್ತಾಗಲು ಒಂದು ಕಡ್ಡಿಗೆ ಗುರುತು ಹಾಕಿ ದಿನ ಬಿಟ್ಟು ದಿನ ತೂಗಿ. ತೂಕ ಇಳಿಯುವುದು ನಿಂತಾಗ ಮುಗಿಯಿತು. ಮೊಳೆಗಿಂತ ತುಸು ಸಣ್ಣ ಬಿಟ್‌ನಿಂದ ಮೊದಲು ತೂತು ಕೊರೆಯಬೇಕು, ಇಲ್ಲದಿದ್ದರೆ ತುದಿ ಸೀಳುತ್ತೆ.

ಈಗ ಆ 12 ಕುರ್ಚಿಯನ್ನೂ ಬೇರೆ ಕೋಣೆಗೆ ಹಾಕಿ. ಯಾರಿಗೂ ಮಾರಬೇಡಿ. ವಾರ್ನಿಷ್ ಹೊಡೆದಿದ್ದಾರಾ?

ಕಾಫಿ ತೋಟ: ಅಕ್ಕ, ಸುಟ್ಟ ಇಂಜಿನ್ ಆಯಿಲ್‌ಗೆ ಸೀಮೆಎಣ್ಣೆ ಸೇರಿಸಿ ಬಳಿಯಿರಿ. ಒಂದೇ ದಿನಕ್ಕೆ ಹುಳ ಮಟಾಷ್. ಫಾರ್ವರ್ಡ್ ಬಂದಿತ್ತು.

ಮಾಸ್ತರು: ಬೇಡ. ಕುರ್ಚಿ ಮೇಲೆ ಜನ ಕೂರುತ್ತಾರೆ. ಹಳೇ ಆಯಿಲ್ ಚರ್ಮಕ್ಕೆ ಕೆಟ್ಟದ್ದು, ಬಟ್ಟೆಗೆ ಹತ್ತುತ್ತೆ, ಬೆಂಕಿಗೂ ದಾರಿ.

ಪುಟ್ಟಿ ಅಮ್ಮ: ಬೆಲೆ ಎಷ್ಟು? ಎಲ್ಲಿ ಸಿಗುತ್ತೆ?

ಮಾಸ್ತರು: ಬೆಲೆ ನನಗೆ ಗೊತ್ತಿಲ್ಲ. ಮಾಡುವವರನ್ನೇ ಕೇಳಿ.

ಅಂಗಡಿ ಅಕ್ಕ: ವಾರ್ನಿಷ್ ಇದೆ. ಗಂಟಿನಲ್ಲಿ ಸಿಪ್ಪೆಯೂ ಇದೆ. ನೀವು ಹೇಳಿದ ಹಾಗೇ.

ಮಾಸ್ತರು: ಹಾಗಾದರೆ ಮೇಲಿಂದ ಏನು ಬಳಿದರೂ ಒಳಗೆ ಇಳಿಯಲ್ಲ. ಪುಡಿ ಬೀಳುವ ಕಡ್ಡಿ ಬಿಚ್ಚಿಸಿ ಸುಟ್ಟುಹಾಕಿ. ಉಳಿದ ಕಡ್ಡಿಯ ವಾರ್ನಿಷ್ ಉಪ್ಪುಕಾಗದದಿಂದ ಉಜ್ಜಿ ತೆಗೆಸಿ, ಗಂಟು ಕೆರೆಸಿ. ಆಮೇಲೆ 20 ಲೀಟರ್ ನೀರಿಗೆ 400 ಗ್ರಾಂ ಬೋರಿಕ್ ಆಸಿಡ್, 600 ಗ್ರಾಂ ಬೊರಾಕ್ಸ್. ಎರಡೂ ಹುಳ ತಡೆಯುವ ಪುಡಿ. ಬಿಸಿನೀರಿನಲ್ಲಿ ಕದಡಿದರೆ ಬೇಗ ಕರಗುತ್ತೆ. ಬಿದಿರಿಗೆ ಬಳಸುವ ಅಳತೆಯೇ ಇದು. ಬ್ರಷ್‌ನಿಂದ ಸವರಿದರೆ ಸಾಲದು, ಕಡ್ಡಿ ಬಿಚ್ಚಿದ್ದಾಗಲೇ ನೆನೆಹಾಕಿ, ಒಣಗಿಸಿ, ನಂತರ ವಾರ್ನಿಷ್. ಕೈಗವಸು ಹಾಕಿ, ಇದಕ್ಕೆ ಅಡುಗೆ ಪಾತ್ರೆ ಬಳಸಬೇಡಿ, ಉಳಿದ ನೀರನ್ನು ಗಿಡಕ್ಕೆ ಸುರಿಯಬೇಡಿ. ಮಳೆಗೆ ಇಟ್ಟರೆ ಈ ಔಷಧ ತೊಳೆದುಹೋಗುತ್ತೆ.

ವಾಪಸ್ ಕಳಿಸಿ ದುಡ್ಡು ಹಿಡಿಯಬೇಡಿ. ರಿಪೇರಿಯ ಕೂಲಿ ಕೊಟ್ಟು ಅವರ ಹತ್ತಿರವೇ ಮಾಡಿಸಿ, ಯಾವ ಹಂತ ತಪ್ಪಿತು ಅಂತ ತೋರಿಸಿ. ಆರ್ಡರಿಗೆ ಎಷ್ಟು ದಿನ ಕೊಟ್ಟಿದ್ದಿರಿ?

ಅಂಗಡಿ ಅಕ್ಕ: ಹತ್ತು ದಿನ.

ಮಾಸ್ತರು: 12 ಕುರ್ಚಿಯ ಕಡ್ಡಿ ಒಣಗುವುದಕ್ಕೇ ಹತ್ತು ದಿನ ಸಾಲದು.

ಹಸಿರು ಉಸಿರು: ಲಂಟಾನ ಕಡಿದಷ್ಟೂ ಕಾಡಿಗೆ ಒಳ್ಳೆಯದು. ಎಲ್ಲರೂ ಎರಡೆರಡು ಕುರ್ಚಿ ಕೊಂಡರೆ ಕಾಡು ಕ್ಲೀನ್!

ಮಾಸ್ತರು: ಇಲ್ಲ. ಕೆಲಸಕ್ಕೆ ಬೇಕಾಗಿರುವುದು ನೆಟ್ಟಗಿನ ಕಡ್ಡಿ ಮಾತ್ರ. ನೆಲದ ಮೇಲೆ ಕಡಿದರೆ ಬುಡ ಮತ್ತೆ ಚಿಗುರುತ್ತೆ. ತೆಗೆಯಲೇಬೇಕೆಂದರೆ ನೆಲದಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ತಾಯಿಬೇರು ಕತ್ತರಿಸಿ, ಬುಡ ಮೇಲೆ ಮಾಡಿ ಇಡಬೇಕು. ಅದು ಬೇರೆ ಕೂಲಿ, ಬೇರೆ ಕೆಲಸ.

ಬೆಟ್ಟದ ನೆಲ್ಲಿ: ಲಂಟಾನ ಹಬ್ಬಿದ್ದು ಯಾಕೆ ಅಂತಲೂ ಹೇಳಿ. ಸೋಲಿಗರು ಬೇಸಿಗೆ ಮೊದಲಿಗೆ ಹಾಕುತ್ತಿದ್ದ ತರಗು ಬೆಂಕಿ ನಿಲ್ಲಿಸಿದ ಮೇಲೆ ಹೆಚ್ಚಾಯಿತು ಅಂತ ಅವರೇ ಹೇಳುತ್ತಾರೆ.

ಹಸಿರು ಉಸಿರು: ಕಾಡಿಗೆ ಬೆಂಕಿ ಇಡುವುದನ್ನು ಸಮರ್ಥಿಸುತ್ತಿದ್ದೀರಾ? ಭಲೇ.

ಬೆಟ್ಟದ ನೆಲ್ಲಿ: ತರಗೆಲೆಗೆ ಹಾಕುವ ಸಣ್ಣ ಬೆಂಕಿಗೂ ಕಾಳ್ಗಿಚ್ಚಿಗೂ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಓದಿಕೊಂಡು ಬನ್ನಿ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಕಾಡಿನಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು, ಅಂದರೆ ಊರವರು ಸೇರಿ ಕಾಡು ಬಳಸುವ, ಕಾಯುವ ಹಕ್ಕು, ಸಿಕ್ಕಿದ್ದು ಸುಮ್ಮನೆ ಅಲ್ಲ.

ಹಸಿರು ಉಸಿರು: ಹಕ್ಕು ಬೇರೆ, ಹುಲಿ ಬೇರೆ.

ಬೆಟ್ಟದ ನೆಲ್ಲಿ: ನಿಮ್ಮ ಮನೆ ಸೋಫಾ ಯಾವ ಕಾಡಿನ ಮರದ್ದು ಸ್ವಾಮಿ?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಹೊಸ ಅಪ್ಪ: ಸರ್, ಮಗುವಿಗೆ ಲಂಟಾನ ತೊಟ್ಟಿಲು ಹೇಳಿದ್ದೇವೆ. ಗಿಡ ವಿಷ ಅಂತಾರಲ್ಲ?

ಮಾಸ್ತರು: ದನ ಸಾಯುವುದು ಎಲೆ ತಿಂದು. ತೊಟ್ಟಿಲಿನಲ್ಲಿ ನನಗೆ ಭಯ ಇರುವುದು ಮೊಳೆ ತುದಿ ಮತ್ತು ವಾರ್ನಿಷ್ ಬಗ್ಗೆ. ಹಳೇ ಕಾಲುಚೀಲ ಕೈಗೆ ಹಾಕಿಕೊಂಡು ಒಳಗೆಲ್ಲ ಸವರಿ. ನೂಲು ಸಿಕ್ಕಿಕೊಂಡಲ್ಲಿ ಮೊಳೆಯೋ ಸಿಬುರೋ ಇದೆ. ವಾರ್ನಿಷ್ ವಾಸನೆ ಪೂರ್ತಿ ಹೋಗುವವರೆಗೆ ಮಗುವನ್ನು ಮಲಗಿಸಬೇಡಿ. ಕಚ್ಚುವ ಮಗುವಾದರೆ ಅಂಚಿಗೆ ಬಟ್ಟೆ ಸುತ್ತಿ. ಬೋರಿಕ್ ನೀರು ತೊಟ್ಟಿಲಿಗೆ ಬೇಡ.

ಕಾಫಿ ತೋಟ: ಇಂಜಿನ್ ಆಯಿಲ್ ಬೇಡವಾದರೆ ಡೀಸೆಲ್?

ಮಾಸ್ತರು: ಒಮ್ಮೆ ಹೇಳಿದ್ದೇನೆ. ಬೇಡ.

ಕಾಫಿ ತೋಟ: ನಮ್ಮ ಗೋಡೌನಿಗೆ ಅದೇ ಹಾಕೋದು, ಏನೂ ಆಗಿಲ್ಲ.

ಮಾಸ್ತರು: ಗೋಡೌನಿನಲ್ಲಿ ಯಾರೂ ಕೂತು ಊಟ ಮಾಡಲ್ಲ ಸ್ವಾಮಿ.

ಬೆಂಗಳೂರು ಹುಡುಗ: ಆನ್‌ಲೈನ್‌ನಲ್ಲಿ ಪ್ಲಾಸ್ಟಿಕ್ ಬೆತ್ತದ್ದು ಅರ್ಧ ರೇಟಿಗೆ ಸಿಗುತ್ತೆ. ಇವರು ಸ್ವಲ್ಪ ಕಮ್ಮಿ ಮಾಡಬಾರದಾ?

ಬೆಟ್ಟದ ನೆಲ್ಲಿ: ಆನ್‌ಲೈನ್‌ನಲ್ಲೇ ತಗೊಳ್ಳಿ.

ಮಾಸ್ತರು: ಚೌಕಾಸಿ ಮಾಡಿದರೆ ಬೆಲೆಯ ಜೊತೆಗೆ ಕುದಿಸುವ ಸೌದೆಯೂ ಕಮ್ಮಿಯಾಗುತ್ತೆ. ಆಮೇಲೆ ಏನಾಗುತ್ತೆ ಅಂತ ಮೇಲೆ ಅಕ್ಕ ಬರೆದಿದ್ದಾರೆ.

ಶಾಲೆ ಮೇಡಂ: ಮಕ್ಕಳಿಗೆ ಒಂದು ದಿನದ ಕಾರ್ಯಾಗಾರ ಮಾಡಿಸಬಹುದೇ?

ಅಂಗಡಿ ಅಕ್ಕ: ಸಂಘದವರಿಗೆ ಫೋನ್ ಮಾಡಿದೆ. ಬರುತ್ತಾರಂತೆ. ನೆನೆಹಾಕಲು ಉದ್ದ ತೊಟ್ಟಿ ಇಲ್ಲ, ಏನು ಮಾಡಲಿ?

ಮಾಸ್ತರು: 200 ಲೀಟರಿನ ಎರಡು ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ, ತುದಿಗೆ ತುದಿ ಬೆಸೆಸಿ. ಮೊದಲು ಡ್ರಮ್ಮಿನಲ್ಲಿ ಏನಿತ್ತು ಕೇಳಿಕೊಳ್ಳಿ. ಪೇಂಟು, ಥಿನ್ನರು ಇದ್ದದ್ದಾದರೆ ವೆಲ್ಡಿಂಗಿಗೆ ಕೊಡಲೇಬೇಡಿ, ಸಿಡಿಯುತ್ತೆ.

ಪುಟ್ಟಿ ಅಮ್ಮ: ಬೆಲೆ ಯಾರೂ ಹೇಳಲೇ ಇಲ್ಲ.