ಇಸ್ರೇಲಿನ ಹಳ್ಳಿಮನೆಯಲ್ಲಿ ಸಬ್ಬತ್ ದಿನ ಎಂತ ಮಾಡ್ಲಿಕ್ಕುಂಟು, ಎಂತ ಇಲ್ಲ?

ಶಂಕರಪುರ ಮಲ್ಲಿಗೆ:
ಹೋಮ್ ನರ್ಸ್ ಕೆಲಸಕ್ಕೆ ಇಸ್ರೇಲ್ ವೀಸಾ ಆಗಿದೆ. ಬೀರ್‌ಶೆಬಾ ಹತ್ತಿರದ ಒಂದು ಮೊಶಾವ್, ಕೃಷಿಕರ ಸಣ್ಣ ಊರು. ಅಜ್ಜಿಯೊಬ್ಬರನ್ನು ನೋಡಿಕೊಳ್ಳಬೇಕು. ಮನೆಯವರು ಸಬ್ಬತ್, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗಿನ ಯಹೂದಿಗಳ ವಿಶ್ರಾಂತಿ ದಿನ, ಬಹಳ ಕಟ್ಟುನಿಟ್ಟಾಗಿ ಆಚರಿಸ್ತಾರಂತೆ. ಸ್ವಿಚ್ ಮುಟ್ಟಬಾರದು, ಗ್ಯಾಸ್ ಹಚ್ಚಬಾರದು ಅಂತೆಲ್ಲ ಕೇಳಿ ಹೆದರಿಕೆ ಆಗ್ತಿದೆ. ರಾತ್ರಿ ಅಜ್ಜಿಗೆ ಉಸಿರು ಕಟ್ಟಿದರೆ ಫೋನ್ ಮಾಡ್ಲಿಕ್ಕೂ ಇಲ್ವಾ? ನಮ್ಮ ಹಬ್ಬಕ್ಕೆ ರಜೆ ಸಿಗ್ತದಾ? ಅಲ್ಲಿ ಇದ್ದು ಬಂದವರು ದಯವಿಟ್ಟು ಹೇಳಿ.

ಕುಲಶೇಖರ ಬಾಯಿ:
ಮಗಾ, ಮೊದಲು ಫೋನಿನದ್ದು. ಜೀವಕ್ಕೆ ಅಪಾಯ ಅಂತಾದರೆ ಸಬ್ಬತ್ತಿನ ಕಟ್ಟಳೆ ಎಲ್ಲ ಬದಿಗೆ, ಅವರ ಧರ್ಮವೇ ಹಾಗೆ ಹೇಳ್ತದೆ. ಸೀದಾ 101ಕ್ಕೆ ಹೊಡಿ, ಆಂಬುಲೆನ್ಸ್ ಬರ್ತದೆ.

ನಿನಗೆ ಓಡಾಟ ಇರುವುದು ಶನಿವಾರ ಅಲ್ಲ, ಶುಕ್ರವಾರ ಮಧ್ಯಾಹ್ನ. ಸಾಮಾನ್ಯವಾಗಿ ಸೂರ್ಯ ಮುಳುಗುವ 18 ನಿಮಿಷ ಮೊದಲು ಮನೆಯ ಹೆಂಗಸು ದೀಪ ಹಚ್ಚಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತಾರೆ. ಅಷ್ಟರೊಳಗೆ ಅಡುಗೆ, ಅಜ್ಜಿಯ ಸ್ನಾನ, ಮಾತ್ರೆ ವಿಂಗಡಿಸಿ ಇಡುವುದು ಎಲ್ಲ ಮುಗಿಯಬೇಕು. ನಾನಿದ್ದ ಮನೆಯಲ್ಲಿ ಫ್ರಿಜ್ಜಿನೊಳಗಿನ ಬಲ್ಬನ್ನು ತಿರುಗಿಸಿ ಸಡಿಲ ಮಾಡ್ತಿದ್ದೆ, ಬಾಗಿಲು ತೆಗೆದಾಗ ಹೊತ್ತಬಾರದಲ್ಲ. ಟಾಯ್ಲೆಟ್ ಪೇಪರ್ ಕೂಡ ಮೊದಲೇ ಹರಿದು ಒಟ್ಟಿಡುವುದು! ಲೈಟು, ಏಸಿಗೆ ಟೈಮರ್. ಹಮೀನ್ ಅಂತ ಒಂದುಂಟು: ಬೀನ್ಸ್, ಬಟಾಟೆ, ಮಾಂಸ, ಜೊತೆಗೆ ಚಿಪ್ಪಿನ ಸಮೇತ ಮೊಟ್ಟೆ. ಶುಕ್ರವಾರ ಸಂಜೆ ಕರೆಂಟಿನ ಬಿಸಿತಟ್ಟೆಯ ಮೇಲೆ ಇಟ್ಟರೆ ಮರುದಿನ ಮಧ್ಯಾಹ್ನದವರೆಗೆ ಅಲ್ಲೇ. ಸುಲಿದಾಗ ಮೊಟ್ಟೆಯ ಬಿಳಿ ಚಾ ಬಣ್ಣಕ್ಕೆ ತಿರುಗಿರ್ತದೆ. ರುಚಿ ಮಾತ್ರ ಜೋರು.

ಅಜ್ಜಿ ನಿನಗೆ "ಲೈಟ್ ಹಾಕು" ಅಂತ ನೇರ ಹೇಳ್ಲಿಕ್ಕಿಲ್ಲ. "ಇಲ್ಲಿ ಎಂತ ಕತ್ತಲೆ" ಅಂತಾರೆ, ನೀನೇ ಅರ್ಥ ಮಾಡಿಕೊಳ್ಳಬೇಕು. ನಿನ್ನ ರೂಮಿನೊಳಗೆ ನಿನ್ನಿಷ್ಟ. ಊಟದ ಮೇಜಿಗೆ ಮೊಬೈಲ್ ತರಬೇಡ, ಅಷ್ಟೇ. ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ ಜಡೆಯ ಹಾಗೆ ಹೆಣೆದ ಮೇಣದಬತ್ತಿ ಹಚ್ಚಿ, ಲವಂಗದ ಡಬ್ಬಿ ಎಲ್ಲರ ಮೂಗಿಗೂ ಹಿಡಿದು, ಬತ್ತಿಯನ್ನು ವೈನಿನಲ್ಲಿ ನಂದಿಸ್ತಾರೆ. ಅಲ್ಲಿಗೆ ಮುಗೀತು. ಆಮೇಲೆ ವಾಷಿಂಗ್ ಮೆಷಿನ್ ಶುರು.

ಕಾರ್ಕಳ ಸುಕ್ಕ:
ಬಾಯಿ ರಜೆಯ ವಿಷಯ ಬಿಟ್ಟರು. ಯಹೂದಿ ಅಲ್ಲದವರು ವಾರದ ರಜೆಗೆ ಶುಕ್ರ, ಶನಿ, ಭಾನುವಾರದಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಅಲ್ಲಿನ ಕಾನೂನಿನಲ್ಲೇ ಉಂಟು. ಹಬ್ಬದ ರಜೆಯೂ ನಮ್ಮ ಧರ್ಮದ್ದೇ ಕೇಳಬಹುದು. ಸೇರುವಾಗಲೇ ಕಾಗದದಲ್ಲಿ ಬರೆಸಿಕೊಳ್ಳಿ ಸಿಸ್ಟರ್, ಬಾಯಿಮಾತು ಬೇಡ. ಶನಿವಾರವೇ ರಜೆ ಅಂದರೆ ಹಳ್ಳಿಯಿಂದ ಹೊರಡ್ಲಿಕ್ಕೆ ಬಸ್ಸೇ ಇರುವುದಿಲ್ಲ ಮಾರ್ರೆ.

ನಿಮ್ಮ ಊರು ನೆವಾತಿಮ್ ಆದರೆ ಅದೃಷ್ಟ. 1950ರ ದಶಕದಲ್ಲಿ ಕೊಚ್ಚಿಯಿಂದ ಹೋದ ಯಹೂದಿಗಳು ನೆಲೆಸಿದ ಊರದು, ಹಳೆಯ ತಲೆಗಳಿಗೆ ಮಲಯಾಳ ಬರ್ತದೆ.

ಶಂಕರಪುರ ಮಲ್ಲಿಗೆ:
ಇಬ್ಬರಿಗೂ ಥ್ಯಾಂಕ್ಸ್. ಅಮ್ಮ ಒಣ ಸಿಗಡಿ ಚಟ್ನಿ ಕಟ್ಟಿ ಕೊಡ್ತೇನೆ ಅಂತಿದ್ದಾರೆ. ತಗೊಂಡು ಹೋಗಬಹುದಾ? ಹಬ್ಬಗಳಲ್ಲಿ ಕಷ್ಟದ್ದು ಯಾವುದು?

ಕುಲಶೇಖರ ಬಾಯಿ:
ಅಯ್ಯೋ, ಸಿಗಡಿ ಬೇಡವೇ ಬೇಡ! ರೆಕ್ಕೆ, ಹುರುಪೆ ಎರಡೂ ಇರುವ ಮೀನು ಮಾತ್ರ ಅವರಿಗೆ ಆಗುವುದು. ಬಂಗುಡೆ ಆಗ್ತದೆ, ಸಿಗಡಿ, ಏಡಿ, ಮರುವಾಯಿ ಯಾವುದೂ ಇಲ್ಲ. ಮಾಂಸದ ಪಾತ್ರೆ ಬೇರೆ, ಹಾಲಿನದ್ದು ಬೇರೆ. ಯಾವುದು ಯಾವುದೆಂದು ಮೊದಲ ದಿನವೇ ಕೇಳಿಕೊ.

ಕಷ್ಟದ್ದು ಪಾಸ್ಕ, ನಮ್ಮ ಈಸ್ಟರ್ ಅಲ್ಲ, ಯಹೂದಿಗಳ ಪೆಸಾಹ್ ಹಬ್ಬ. ಅದರ ಮೊದಲು ಇಡೀ ಮನೆ ಗುಡಿಸಿ, ಕಪಾಟಿನ ಸಂದಿಯಿಂದ ಬ್ರೆಡ್ಡಿನ ಪುಡಿಯೂ ಹೋಗಬೇಕು. ಬೆನ್ನು ಮುರೀತದೆ. ಏಳು ದಿನ ಬ್ರೆಡ್ ಇಲ್ಲ, ನಿನ್ನ ರೂಮಿಗೂ ಬಿಸ್ಕಿಟ್ ತರಬೇಡ. ಅಶ್ಕೆನಾಜಿ (ಯುರೋಪ್ ಮೂಲದ ಯಹೂದಿ) ಮನೆಯಾದರೆ ಸಾಮಾನ್ಯವಾಗಿ ಅಕ್ಕಿ, ಬೇಳೆಯೂ ಇಲ್ಲ.

ನನಗೆ ಇಷ್ಟವಾದದ್ದು ಶಾವುಓತ್, ಅವರ ಸುಗ್ಗಿ ಹಬ್ಬ. ಮೊಶಾವಿನಲ್ಲಿ ಟ್ರ್ಯಾಕ್ಟರುಗಳನ್ನು ಸಿಂಗರಿಸಿ ಮೊದಲ ಬೆಳೆಯ ಮೆರವಣಿಗೆ ಮಾಡ್ತಾರೆ, ಮಕ್ಕಳ ತಲೆಗೆ ಹೂವಿನ ಕಿರೀಟ. ನಮ್ಮ ಮೊಂತಿ ಹಬ್ಬದ ಹೊಸ ತೆನೆಯ ಹಾಗೆಯೇ. ಆ ದಿನ ಚೀಸ್ ಕೇಕ್ ಮಾಡ್ಲಿಕ್ಕೆ ಅಜ್ಜಿಯ ಹತ್ತಿರ ಕಲಿತುಕೊ, ಅವರಿಗೂ ಹೊತ್ತು ಹೋಗ್ತದೆ.